ಕೆಮ್ಮಿಲ್ಲದ ವಿಡಿಯೋ

ಅಕ್ಕನ ಬೆರಳ ತುದಿಗಳು ಸದಾ ನೀಲಿ. ರಾಯದುರ್ಗದ ಜೀನ್ಸ್ ಶೆಡ್ಡಿನ ಬಣ್ಣ. ಎಷ್ಟು ಸೋಪು ಉಜ್ಜಿದರೂ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ಆ ಬೆರಳಿನಿಂದಲೇ ಮೊಬೈಲಿನಲ್ಲಿ ವಿಡಿಯೋ ಕತ್ತರಿಸುತ್ತಿದ್ದಳು.

ಭಾವ ತೀರಿದ ಮೇಲೆ ಮಗಳನ್ನು ರೊಳ್ಳದ ಹತ್ತಿರ ನಮ್ಮೂರಲ್ಲಿ ಅವ್ವನ ಬಳಿ ಬಿಟ್ಟು, ನನ್ನನ್ನೂ ಕರೆದುಕೊಂಡು ಹೊಲಿಗೆ ಕೆಲಸಕ್ಕೆ ಬಂದಿದ್ದಳು. ಶೆಡ್ಡಿನ ಹೆಂಗಸರು ಮಗುವಿನ ನಾಮಕರಣದ ವಿಡಿಯೋ ಊರಿಗೆ ಕಳಿಸಬೇಕೆಂದರೆ ಇವಳ ಕೈಗೇ ಫೋನು ಕೊಡುವರು. ನೆಟ್‌ವರ್ಕ್ ಕುಂಟುವ ಊರಿಗೂ ಹೋಗುವಷ್ಟು ಚಿಕ್ಕದು ಮಾಡಿಕೊಡುವಳು.

"ಯಾಕ್ರಿ ಅಕ್ಕ, ಫೋನ್ನಾಗೂ ಪ್ಯಾಂಟ್ ಹೊಲೀತೀರೇನ್ರಿ?" ಎಂದು ಅವರಲ್ಲೊಬ್ಬಳು ಕಾಡಿಸುವಳು.

"ಹೂಂ, ನಿನ್ ಗಂಡನ್ ಅಳತೆ ಕೊಡು."

ಕಳಿಸಿದ್ದನ್ನು ಆ ಕಡೆಯವರು ನೋಡಿ, ಕೇಳಿ, ಸರಿಯಿದೆ ಅನ್ನುವವರೆಗೆ ಮೂಲದ ದೊಡ್ಡ ವಿಡಿಯೋವನ್ನು ಅಳಿಸುತ್ತಿರಲಿಲ್ಲ. "ಲಾಟ್ ಪಾಸಾಗೋ ಗಂಟ ಸ್ಯಾಂಪಲ್ ಪೀಸ್ ಬಿಚ್ಬಾರ್ದು ಕಣ್ಲಾ" ಎಂದು, ಹೊಲಿದ ಮಾಲು ಒಪ್ಪಿಗೆಯಾಗುವವರೆಗೆ ಮಾದರಿ ಪ್ಯಾಂಟು ಕಾಯ್ದಿಡುವ ಶೆಡ್ಡಿನ ರೂಢಿಯನ್ನೇ ನನಗೂ ಹೇಳಿದ್ದಳು.

ಗಂಟಲಲ್ಲಿ ಗಡ್ಡೆ ಎಂದು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಆದ ಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದರು. ಆಕೆಯ ಫೋನು ಒಡೆದಿತ್ತು. ನನ್ನ ಫೋನು ಇಸಿದುಕೊಂಡು, ನನ್ನನ್ನು ಹೊರಗೆ ಕಳಿಸಿ, ಮಗಳಿಗಾಗಿ ಮಾತಾಡಿ ವಿಡಿಯೋ ಮಾಡಿದಳು. ಆಮೇಲೆ ಕಿವಿಗೆ ವೈರು ಸಿಕ್ಕಿಸಿಕೊಂಡು ಎರಡು ದಿನ ಕೂತು, ನಡುನಡುವಿನ ಕೆಮ್ಮನ್ನೆಲ್ಲ ಒಂದೊಂದೇ ಕತ್ತರಿಸಿ ತೆಗೆದಳು. "ಕೆಮ್ಮೋ ಅಮ್ಮ ಅವ್ಳಿಗೆ ನೆನಪಿರಾದು ಬ್ಯಾಡ" ಎಂದಳು. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ಫೋನು ನನ್ನ ಕೈಗಿಟ್ಟಳು.

"ಚಿಕ್ಕದ್ ಮಾಡಿ ಕಳ್ಸು. ಅವ್ವನ್ ಫೋನ್ನಾಗೆ ಓಡ್ತೈತೇನೋ ಕೇಳು."

ಆಕೆಯ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ನಾನು ಓದಿದ್ದು ಐದನೇ ಕ್ಲಾಸು. ವಿಡಿಯೋ ಚಿಕ್ಕದು ಮಾಡುವ ಆಪಿನ ತುಂಬ ಇಂಗ್ಲಿಷು. ಪಕ್ಕದವರನ್ನು ಕೇಳಬಹುದಿತ್ತು, ನಾಚಿಕೆಯಾಯಿತು. ಏನು ಒತ್ತಿದರೆ ಸೈಜು ಇಳಿಯುತ್ತದೋ ಅದನ್ನೆಲ್ಲ ಒತ್ತಿ ಕಳಿಸಿದೆ. ಫೋನು ತುಂಬಿತ್ತು, ನನ್ನ ಹಾಡುಗಳಿಗೆ ಜಾಗ ಬೇಕಿತ್ತು. ದೊಡ್ಡದನ್ನೂ ಆಕೆ ಕತ್ತರಿಸಿದ್ದ ತುಣುಕುಗಳನ್ನೂ ಅಳಿಸಿಬಿಟ್ಟೆ. ಊರಿಗೆ ಫೋನು ಮಾಡಿ ಕೇಳಲಿಲ್ಲ.

ಮೂರನೇ ದಿನ, ಗಂಟಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವಳು ನೀಲಿ ಬೆರಳನ್ನು ಕಿವಿಗೆ ಮುಟ್ಟಿಸಿ ಹುಬ್ಬೇರಿಸಿದಳು. ಮಗಳು ಕೇಳಿದಳಾ?

"ಕೇಳುದ್ಲು ಕಣಕ್ಕ" ಅಂದೆ.

ಅಕ್ಕ ನಕ್ಕಳು. ಹನ್ನೊಂದನೇ ದಿನ ತೀರಿಕೊಂಡಳು.

ಊರಲ್ಲಿ ಮಣ್ಣು ಮಾಡಿ ಬಂದಾಗ ಆಕೆಯ ಮಗಳು ಅವ್ವನ ಫೋನು ಹಿಡಿದು ನಿಂತಿದ್ದಳು. "ಮಾಮ, ಅಮ್ಮನ ಬಾಯಿ ಆಡ್ತೈತೆ, ದನಿ ಬರಲ್ಲ. ಸ್ಪೀಕರ್ ಹೋಗೈತೆ ಅಂತಾಳೆ ಅಜ್ಜಿ."

ಸ್ಪೀಕರ್ ಸರಿಯಾಗಿಯೇ ಇತ್ತು. ಸೈಜು ಇಳಿಸಲು ದನಿಯನ್ನೇ ತೆಗೆದುಹಾಕುವ ಗುಂಡಿಯನ್ನೂ ನಾನು ಒತ್ತಿದ್ದೆ.

ಈಗ ಅವಳು ನನ್ನೆತ್ತರ ಬೆಳೆದಿದ್ದಾಳೆ. ಈಗಲೂ ಆ ವಿಡಿಯೋ ಹಚ್ಚಿ, "ಇಲ್ಲಿ ಏನಂತಾಳೆ ಮಾಮ?" ಎನ್ನುತ್ತಾಳೆ. ಆ ಮಾತನ್ನು ನಾನು ಒಮ್ಮೆಯೂ ಕೇಳಿದವನಲ್ಲ. ಆದರೂ ಅಕ್ಕನ ತುಟಿ ನೋಡುತ್ತ, ಅದಕ್ಕೆ ಹೊಂದುವ ಮಾತು ಹುಡುಕಿ ಹೇಳುತ್ತೇನೆ.

ಮೊನ್ನೆ ಫೋನು ಕೆಳಗಿಟ್ಟು, "ಹೋದ್ಸಲ ಬ್ಯಾರೆ ಹೇಳಿದ್ದೆ, ಮಾಮ" ಎಂದಳು.

ಅದಕ್ಕೇ ಇದನ್ನು ಅವಳಿಗಾಗಿ ಬರೆದಿದ್ದೇನೆ. ಅವಳು ನನ್ನಂತಲ್ಲ, ಚೆನ್ನಾಗಿ ಓದುತ್ತಾಳೆ.