ಕಂಪನಿಗೆ ಮರಳಿದ ಡಬ್ಬಿ

ಕೂಸಿನ ತೊಟ್ಟಿಲ ಕಾರ್ಯಕ್ಕೆ ಸಂಜೆ ನೆಂಟರು ಬರುವವರಿದ್ದರು. ಧಾರವಾಡದ ಆ ಮನೆಯ ಶೌಚಾಲಯ ಬೆಳಿಗ್ಗೆಯೇ ಕಟ್ಟಿಕೊಂಡಿತ್ತು; ಗಟಾರು ಬಿಡಿಸುವ ನನಗೆ ಕರೆ ಬಂತು. ಹಿತ್ತಲಿನ ಗಟಾರು ಗುಂಡಿಗೆ, ಅಂದರೆ ಚೇಂಬರಿಗೆ, ಕೈಹಾಕಿ ನಾನು ಎಳೆದದ್ದು ಹಗ್ಗದಂತೆ ಹೆಣೆದುಕೊಂಡ ವೈಪ್ಸ್, ಕೂಸನ್ನು ಒರೆಸುವ ಹಸಿ ಬಟ್ಟೆಗಳು. ಒಂದೂ ಹರಿದಿರಲಿಲ್ಲ.

"ಟಾಯ್ಲೆಟ್‌ನ್ಯಾಗ ಹಾಕಬಹುದು ಅಂತ ಡಬ್ಬಿ ಮ್ಯಾಲೆ ಬರದಾರ್ರಿ, ಅತ್ತಿ," ಎಂದು ಸೊಸೆ ಕಣ್ಣು ತುಂಬಿಕೊಂಡಳು.

ಇನ್ನೇನು ಬೈಗುಳ ಶುರು ಎಂದುಕೊಂಡೆ. ಅತ್ತೆ ಮೂಗಿನ ಮೇಲೆ ಚಾಳೀಸು ಏರಿಸಿ ಡಬ್ಬಿ ಓದಿದರು. "ಖರೇ ಐತಿ. ನೀ ಯಾಕ ಅಳ್ತಿ? ಕಂಪನಿ ವಿಳಾಸನೂ ಐತಿ. ತಮ್ಮಾ, ಇವನ್ನ ತೊಳದು ಇದರಾಗ ತುಂಬಪಾ. ಮಂದಿ ಡಬ್ಬಿ ಖಾಲಿ ಕಳಸೂ ಪದ್ಧತಿ ನಮ್ಮ ಮನ್ಯಾಗಿಲ್ಲ."

"ಅವ್ವಾರ, ಡಬ್ಯಾಗ ಉಂಡಿ ಇಟ್ಟು ಕಳಸ್ತಾರ್ರಿ!" ಎಂದೆ ನಾನು.

"ಅವರು ಉಂಡಿ ಕಳಸಿದ್ರ ನಾವೂ ಉಂಡಿನ ಕಳಸ್ತಿದ್ವಿ."

ಸೊಸೆ ಅಳು ಮರೆತು ನಕ್ಕಳು. ನನ್ನ ಕೆಲಸದಲ್ಲಿ ಅರೆಬರೆ ಇಲ್ಲ. ಸೋಪು ಹಾಕಿ ತೊಳೆದು, ಒಣಗಿಸಿ, ಮಡಿಚಿ, ಮುಚ್ಚಳ ಮುಟ್ಟುವಷ್ಟು ತುಂಬಿದೆ. ನೆಂಟರು ಬರುವ ಮೊದಲೇ ಅತ್ತೆ ಪಾರ್ಸಲ್ ಕಳಿಸಿಬಿಟ್ಟರು.

ಕಂಪನಿಯಿಂದ ಇನ್ನೂ ಉತ್ತರವಿಲ್ಲ. ಗಟಾರು ಕಟ್ಟಿದರೆ ಬೈಗುಳ ಮನೆಯವರಿಗೆ, ಹೊಲಸು ನನ್ನ ಕೈಗೆ ಎನ್ನುವುದೇ ಇದುವರೆಗಿನ ಲೆಕ್ಕವಾಗಿತ್ತು. ಅಂದು ಮಾಡಿದವರ ಪಾಲು ಮಾಡಿದವರಿಗೇ ಹೋಯಿತು. ಆ ಡಬ್ಬಿ ಬಿಚ್ಚಿದ ಕಂಪನಿ ಸಾಹೇಬರ ಮುಖ ನೆನೆಸಿಕೊಂಡರೆ, ಚೇಂಬರಿನೊಳಗೆ ನಿಂತಲ್ಲೇ ನಗು ಬರುತ್ತದೆ.