ಹಗ್ಗದ ಇನ್ನೊಂದು ತುದಿ

ಪರೀಕ್ಷೆಯ ಪತ್ರಿಕೆಗಳನ್ನು ತಿದ್ದಿ ಮುಗಿಸಿದ ವಾರ ನನಗೆ ಯಾರ ಜೊತೆಗೂ ಮಾತು ಬೇಡವಾಗಿತ್ತು. ಗೋಕಾಕದ ನಮ್ಮ ಮನೆಯಲ್ಲಿ ಅದು ಆಗದು. ಬಾಗಿಲು ಹಾಕಿಕೊಂಡರೆ ಜ್ವರ ಬಂತೇ ಎಂದು ಅವ್ವ ನೋಡಲು ಬರುತ್ತಾಳೆ. ಹಿಡಕಲ್ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಕಾಕಾನ ಹೊಲವಿದೆ. ಆ ನೀರಿನ ಮೇಲೆ ಒಂದು ತಾಸು ಒಬ್ಬಳೇ ಇರಬೇಕೆನಿಸಿತು. ಅದಕ್ಕಾಗಿ ಗಾಳಿ ತುಂಬುವ ಪ್ಯಾಡಲ್ ಬೋರ್ಡ್ ಹುಡುಕತೊಡಗಿದೆ: ಮೇಲೆ ನಿಂತು ಹುಟ್ಟು ಹಾಕುವ, ಗಾಳಿ ಬಿಟ್ಟು ಸುತ್ತಿದರೆ ಬೆನ್ನಚೀಲದಲ್ಲಿ ಹಿಡಿಯುವ ಹಲಗೆ.

ಕೊನೆಗೆ ಎರಡು ಉಳಿದವು. ಒಂದು ಅಗಲ, ಅಲುಗಾಟ ಕಡಿಮೆ, ಇಬ್ಬರು ಕೂರಬಹುದು, ಆದರೆ ಭಾರ. ಇನ್ನೊಂದು ಕಿರಿದು, ಹಗುರ, ಒಬ್ಬರಿಗೆ ಮಾತ್ರ. ಬಸ್ಸಿಳಿದು ಹೊರಬೇಕಲ್ಲ, ಆಗುತ್ತದೋ ನೋಡೋಣ ಎಂದು, ಅಗಲದ್ದರ ತೂಕದಷ್ಟು ಜೋಳವನ್ನು ಚೀಲಕ್ಕೆ ತುಂಬಿಕೊಂಡು ಒಂದು ಭಾನುವಾರ ಕಾಕಾನ ಹೊಲಕ್ಕೆ ಹೋದೆ. ದಂಡೆ ಮುಟ್ಟುವಾಗ ಗಾಳಿ ಪಂಪ್ ಒತ್ತುವಷ್ಟು ಕಸುವು ತೋಳಿನಲ್ಲಿ ಉಳಿದಿರಲಿಲ್ಲ.

ಕಾಕಾ ಚೀಲ ಬಿಚ್ಚಿ ನೋಡಿದ. "ನಮಗ ಜ್ವಾಳಾ ಹೊತ್ತು ತಂದ್ಯೇನವಾ? ಇಲ್ಲೇ ರಾಶಿ ಬಿದ್ದೈತಿ."

ಸಂಗತಿ ಹೇಳಿದೆ.

"ದೊಡ್ಡದ ತಗೋ. ಹೊರಾಕ ನನ್ನ ಗಾಡಿ ಐತಿ. ಅಲುಗಾಡಲಿಲ್ಲಂದ್ರ ನಿಮ್ಮವ್ವನೂ ಅಂಜಲಾರದ ಕೂಡ್ತಾಳ."

ನನ್ನ ಅಂಜಿಕೆ ಅದೇ. ಅವ್ವ ಕೂತರೆ ಮಾತೂ ಕೂರುತ್ತದೆ.

ಮನೆಗೆ ಬಂದು ಅವ್ವನಿಗೆ ಹಗುರದ್ದರ ಚಿತ್ರ ತೋರಿಸಿದೆ.

"ಕಾಲಿಗೆ ಇದೇನು?"

"ಪಟ್ಟಿ. ಬಿದ್ದರ ಹಲಗಿ ದೂರ ಹೋಗೂದಿಲ್ಲ."

"ಇನ್ನೊಂದು ತುದಿ ಯಾರ ಕೈಯಾಗ ಇರತೈತಿ?"

"ಯಾರ ಕೈಯಾಗೂ ಇಲ್ಲ ಯವ್ವಾ. ಹಲಗಿಗೇ ಕಟ್ಟಿರತಾರ."

"ಬಾವಿಗೆ ಬಿದ್ದಾಕಿ ಕೈಯಾಗ ಎರಡೂ ತುದಿ ಕೊಟ್ಟಂಗಾತು."

ನಮ್ಮಲ್ಲಿ ಈಜು ಕಲಿಯುವುದು ಬಾವಿಯಲ್ಲಿ, ನಡುವಿಗೆ ಹಗ್ಗ ಕಟ್ಟಿಕೊಂಡು. ಇನ್ನೊಂದು ತುದಿಯನ್ನು ಮೆಟ್ಟಿಲ ಮೇಲೆ ಹಿರಿಯರು ಹಿಡಿದಿರುತ್ತಾರೆ. ನನಗೆ ಹಿಡಿದವನು ಕಾಕಾ. ಅವ್ವ ಆಗ ಬಾವಿಯ ಹತ್ತಿರವೂ ಬಂದಿರಲಿಲ್ಲ. ನೀರೆಂದರೆ ಅವಳಿಗೆ ಇಂದಿಗೂ ಅಂಜಿಕೆ. ಹಗುರದ್ದು ಮತ್ತು ಲೈಫ್ ಜಾಕೆಟ್ ತರಿಸಿದೆ. ಅವ್ವ ಸಂತೆಯಿಂದ ಬಾವಿಯ ಹಗ್ಗ ತಂದಳು.

"ಹಲಗಿ ನಿಂದು, ಹಗ್ಗ ನಂದು," ಎಂದಳು.

ಮೊದಲ ಮುಂಜಾನೆ ಕಾಕಾ ಗಾಳಿ ತುಂಬಿಕೊಟ್ಟ. ಹಲಗೆಯ ಹಿಂದಿನ ಉಕ್ಕಿನ ಬಳೆಗೆ ಅವ್ವನೇ ಹಗ್ಗ ಬಿಗಿದಳು, ಎಮ್ಮೆ ಕಟ್ಟುವ ಗಂಟು. ಇನ್ನೊಂದು ತುದಿ ಹಿಡಿದು ದಂಡೆಯ ಮೇಲೆ ನಿಂತಳು. ನಾನು ಮೊಣಕಾಲೂರಿ ಹೊರಟು, ಸ್ವಲ್ಪ ಮುಂದೆ ಹೋಗಿ ಎದ್ದು ನಿಂತೆ. ಹಲಗೆಯ ಅಲುಗಾಟ ನಿಲ್ಲುವ ಹೊತ್ತಿಗೆ ದಂಡೆಯ ಮಾತು ಕೇಳಿಸದಾಗಿತ್ತು. ಹಗ್ಗ ಇನ್ನೇನು ಮುಗಿಯಬೇಕು ಎಂಬ ಅಂದಾಜಿತ್ತು, ಜಗ್ಗುವುದನ್ನೇ ಕಾಯುತ್ತಿದ್ದೆ. ಜಗ್ಗಲಿಲ್ಲ. ಇನ್ನಷ್ಟು ಹುಟ್ಟು ಹಾಕಿದೆ.

ತಿರುಗಿ ನೋಡಿದರೆ ಅವ್ವ ನೀರಿನಲ್ಲಿ ನಿಂತಿದ್ದಳು. ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು. ಹಗ್ಗ ಹಿಡಿದ ಕೈಯನ್ನು ಆದಷ್ಟು ಮುಂದಕ್ಕೆ ಚಾಚಿದ್ದಳು.

ಹುಟ್ಟನ್ನು ಅಡ್ಡ ಇಟ್ಟು ನಾನು ಹಲಗೆಯ ಮೇಲೆ ಕೂತೆ. ಅಷ್ಟು ದೂರ ಸಾಕಾಗಿತ್ತು.