ಅಕ್ಕನ ಹದಿನೇಳುನೂರಾ ತೊಂಬತ್ತು

ಆ ಅಂಕಿ ಬಂದ ದಿನ ಅಕ್ಕ ತಾನು ಕೆಲಸಕ್ಕಿದ್ದ ಖಾನಾಪುರದ ತಾಲೂಕು ಕಚೇರಿಯಿಂದಲೇ ನನಗೆ ಫೋನು ಮಾಡಿದ್ದಳು. ಊಟದ ಬಿಡುವಿರಬೇಕು, ಹಿಂದೆ ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಕೇಳುತ್ತಿತ್ತು.

"ತಮ್ಮಾ, ನಿಂದು ಈಗ ಎಷ್ಟ ಐತಿ?"

"ಏನು?"

"ಚೆಸ್ಸಿನ ರೇಟಿಂಗೋ."

"ಹದಿನಾಕನೂರಾ ಎಂಬತ್ತು."

"ನಂದು ಹದಿನೇಳನೂರಾ ತೊಂಬತ್ತ ಆತು ನೋಡು," ಎಂದು ನಕ್ಕಳು. ಫೋನಿನ ಚೆಸ್ ಪ್ರೋಗ್ರಾಮು ಅವಳ ಆಟ ನೋಡಿ ಕೊಟ್ಟ ಅಂಕಿ ಅದು.

ನಾವಿಬ್ಬರೂ ಚೆಸ್ ಕಲಿತದ್ದು ಅಪ್ಪನಿಂದ, ಒಂದೇ ಹಲಗೆಯ ಮೇಲೆ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ಆಟದಲ್ಲಿ ಅದಕ್ಕಿಂತ ಬಹಳ ಮುಂದಿದ್ದಳು. ಆದರೆ ಹುಬ್ಬಳ್ಳಿ, ಧಾರವಾಡದ ಸ್ಪರ್ಧೆಗಳಿಗೆ ಅಪ್ಪ ಕರೆದುಕೊಂಡು ಹೋಗುತ್ತಿದ್ದುದು ನನ್ನನ್ನು ಮಾತ್ರ. "ಹೆಣ್ಣಹುಡುಗಿನ್ನ ಅಷ್ಟ ದೂರ ಎಲ್ಲಿ ಕರಕೊಂಡ ಹೋಗ್ಲಿ" ಎನ್ನುತ್ತಿದ್ದರು. ಅವಳು ಹಟ ಮಾಡಿದ್ದು ನನಗೆ ನೆನಪಿಲ್ಲ. ನಾನು ಸೋತು ಬಂದ ಸಂಜೆ ಹಲಗೆ ಹಾಸಿ, ಆಟವನ್ನು ಮೊದಲಿನಿಂದ ಆಡಿ ತೋರಿಸು ಎನ್ನುತ್ತಿದ್ದಳು. ತಪ್ಪಿದ ಜಾಗ ಬಂದ ಕೂಡಲೇ ನನ್ನ ಕೈ ಹಿಡಿದು, "ಇಲ್ಲೆ ಏನ ನೋಡ್ಕೋತ ಕುಂತಿದ್ದಿ?" ಎಂದು ಬೈಯುತ್ತಿದ್ದಳು.

ಮದುವೆಯಾಗಿ ಖಾನಾಪುರಕ್ಕೆ ಹೋದ ಮೇಲೆ ಅವಳಿಗೆ ಜೊತೆಗೆ ಆಡುವವರೇ ಇರಲಿಲ್ಲ. ಅವಳ ಗಂಡ, ಅಂದರೆ ನನ್ನ ಮಾವ, ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ, ಬಹಳ ಒಳ್ಳೆಯ ಮನುಷ್ಯ, ಆದರೆ ಚೆಸ್ ಹಲಗೆ ಕಂಡರೆ ಆಕಳಿಕೆ. ನಾನು ಬೆಳಗಾವಿಯಲ್ಲಿ ಉಳಿದೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಹಿಡಿದೆ, ರಜೆ ಸಿಕ್ಕಾಗ ಸ್ಪರ್ಧೆಗಳಿಗೆ ಹೋಗಿ ನನ್ನ ಸಣ್ಣ ರೇಟಿಂಗ್ ಕಾಪಾಡಿಕೊಂಡೆ. ಮೂವತ್ತು ವರ್ಷ ಹೀಗೇ ಕಳೆಯಿತು. ಆಮೇಲೆ ಅಕ್ಕನ ಕೈಗೆ ಫೋನು ಬಂತು, ಫೋನಿನಲ್ಲಿ ಆಟವೂ ಬಂತು.

ಅಂದು ನಾನು "ಶಾಭಾಸ್ ಅಕ್ಕಾ" ಎಂದು ಸುಮ್ಮನಾಗಬಹುದಿತ್ತು. ಆದರೆ ಆಗಲಿಲ್ಲ. ನನ್ನದಕ್ಕಿಂತ ಮುನ್ನೂರು ಹೆಚ್ಚಿನ ಅಂಕಿ ಕೇಳಿ ಒಳಗೆಲ್ಲೋ ಚುಚ್ಚಿತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

"ಅಕ್ಕಾ, ಅದು ಖರೇ ರೇಟಿಂಗ್ ಅಲ್ಲ. ರೇಟಿಂಗ್ ಅಂದ್ರ ನಾವು ಯಾರ ಜೋಡಿ ಆಡಿ ಗೆದ್ವಿ, ಸೋತ್ವಿ ಅನ್ನೂದರ ಲೆಕ್ಕ. ನೀ ಬರೇ ಮಷೀನ್ ಜೋಡಿ ಆಡೀದಿ. ಅದರ ಲೆಕ್ಕ ಅದಕ್ಕ. ಮನಷ್ಯಾರಿಗೆ ಹೊಂದೂದಿಲ್ಲ."

ಅವಳು ಡಬ್ಬಿಯ ಮುಚ್ಚಳ ಹಾಕಿದ ಸದ್ದು ಕೇಳಿತು. ಆಮೇಲೆ ಕೇಳಿದಳು: "ಹಂಗಾರ ಖರೇದು ಎಲ್ಲಿ ಕೊಡ್ತಾರ?"

ಎರಡು ತಿಂಗಳ ನಂತರ ಬೆಳಗಾವಿಯಲ್ಲಿ ಮದುವೆಗಳು ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ಎರಡು ದಿನದ ಸ್ಪರ್ಧೆ ಇತ್ತು. ಇಬ್ಬರ ಹೆಸರನ್ನೂ ಕೊಟ್ಟೆ. ಅಕ್ಕ ಬೆಳಗಿನ ರೈಲಿಗೆ ಬಂದಳು, ಇಸ್ತ್ರಿ ಮಾಡಿದ ಸೀರೆ ಉಟ್ಟು, ನಡೆ ಬರೆದುಕೊಳ್ಳಲು ತನ್ನದೇ ಪೆನ್ನು ತಂದಿದ್ದಳು. ಐವತ್ತು ದಾಟಿದ ಹೆಂಗಸು ಆ ಸಭಾಂಗಣದಲ್ಲಿ ಅವಳೊಬ್ಬಳೇ. ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ಕುಳಿತಳು. "ಉಸಿರ ಹತ್ತಿತು, ತಡಿ" ಎಂದಳು. ವಯಸ್ಸು ಎಂದುಕೊಂಡೆ.

ಮೊದಲ ಆಟ ಸೋತಳು, ಎರಡನೆಯದೂ ಸೋತಳು. ನನ್ನ ಆಟದ ನಡುವೆ ಎದ್ದು ಹೋಗಿ ಅವಳ ಹಿಂದೆ ನಿಂತು ನೋಡಿದೆ. ಹದಿನೈದು ನಡೆಯವರೆಗೆ ಅವಳ ಆಟ ಎಷ್ಟು ಚೆನ್ನಾಗಿತ್ತೆಂದರೆ ಎದುರಿಗೆ ಕೂತ ಕಾಲೇಜು ಹುಡುಗ ತಲೆಗೆ ಕೈ ಹಚ್ಚಿದ್ದ. ಅಲ್ಲಿಂದ ಮುಂದೆ ಅವಳು ಏನನ್ನೂ ಮಾಡಲಿಲ್ಲ. ಒಂದು ಪ್ಯಾದೆ ಮುಂದೆ, ಒಂದು ಆನೆ ಪಕ್ಕಕ್ಕೆ. ಏನನ್ನೋ ಕಾಯುತ್ತಿರುವ ಹಾಗೆ.

ಏನೆಂದು ನನಗೆ ಹೊಳೆದದ್ದು ಮೂರನೆಯ ಆಟದಲ್ಲಿ. ಯಂತ್ರಕ್ಕೆ ತನ್ನ ಪೂರ್ತಿ ಶಕ್ತಿಯಿಂದ ಆಡಲು ಬಿಟ್ಟರೆ ನಮ್ಮಂಥವರು ಅದರ ಮುಂದೆ ನಿಲ್ಲಲಾರರು. ಅದನ್ನು ನಮ್ಮ ಮಟ್ಟಕ್ಕೆ ಇಳಿಸಲು ಹತ್ತಾರು ನಡೆ ಚೆನ್ನಾಗಿ ಆಡಿಸಿ, ನಡುವೆ ಒಮ್ಮೆ ಕುದುರೆಯನ್ನೋ ಆನೆಯನ್ನೋ ಪುಕ್ಕಟೆ ಬಿಟ್ಟುಕೊಡುವಂತೆ ಮಾಡಿರುತ್ತಾರೆ. ವರ್ಷಗಟ್ಟಲೆ ಅದರೊಂದಿಗೆ ಆಡಿದ ಅಕ್ಕ ಆ ಗಳಿಗೆಗಾಗಿ ಕಾಯುವುದನ್ನು ಕಲಿತಿದ್ದಳು. ಅವಳ ಅಂಕಿಯಲ್ಲಿ ಅರ್ಧ ಆ ಕಾಯುವಿಕೆಯ ಗಳಿಕೆ. ಮನುಷ್ಯರೂ ತಪ್ಪುತ್ತಾರೆ, ಆದರೆ ಹೆದರಿದಾಗ, ಇಕ್ಕಟ್ಟಿಗೆ ಸಿಕ್ಕಾಗ. ಸುಮ್ಮನೆ ಕೂತವರಿಗೆ ಕುದುರೆಯನ್ನು ತಂದು ಒಪ್ಪಿಸುವುದಿಲ್ಲ.

ಇದನ್ನು ಅವಳಿಗೆ ಆಗಲೇ ಹೇಳಬೇಕಿತ್ತು. ಊಟದ ಹೊತ್ತಿನಲ್ಲಿ ಇಬ್ಬರೂ ಎದುರುಬದುರು ಕೂತು ರೊಟ್ಟಿ ತಿಂದೆವು. ನಾನು ಹೇಳಲಿಲ್ಲ.

ಎರಡನೆಯ ದಿನ, ಐದನೆಯ ಸುತ್ತಿಗೆ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರಿನ ಎದುರು ನನ್ನ ಹೆಸರಿತ್ತು. ಇಬ್ಬರೂ ಅಷ್ಟಷ್ಟೇ ಆಟ ಸೋತಿದ್ದೆವು, ಸಮ ಅಂಕದವರನ್ನೇ ಎದುರುಬದುರು ಕೂರಿಸುತ್ತಾರೆ.

"ಅಕ್ಕ ಅಂತ ಬಿಟ್ಟುಕೊಡಬ್ಯಾಡ ಮತ್ತ," ಎಂದಳು ಕುರ್ಚಿ ಎಳೆದುಕೊಳ್ಳುತ್ತ.

ಅದು ಅವಳು ಆಡಿದ ಅತ್ಯುತ್ತಮ ಆಟ. ಇಪ್ಪತ್ತು ನಡೆಯೊಳಗೆ ಅವಳ ಕುದುರೆ ಹಲಗೆಯ ನಡುವೆ ಬಂದು ನಿಂತಿತ್ತು, ನನ್ನ ರಾಜನ ಮುಂದೆ ಕಾವಲು ಇರಲಿಲ್ಲ. ಅವಳು ಆಗಲೇ ಮೇಲೇರಿ ಬಂದಿದ್ದರೆ ನಾನು ಮುಗಿದಿದ್ದೆ. ಅವಳು ಬರಲಿಲ್ಲ, ಕಾದಳು. ಅವಳು ಕಾಯುತ್ತಾಳೆಂದು ಆ ಸಭಾಂಗಣದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆನೆಯನ್ನು ಒಂದು ಮನೆ ಆಚೆ, ಒಂದು ಮನೆ ಈಚೆ ಸರಿಸುತ್ತ ಕುಳಿತೆ. ಅಷ್ಟರಲ್ಲಿ ರಾಜನಿಗೆ ಕಾವಲು ಕಟ್ಟಿಕೊಂಡೆ. ಹತ್ತು ನಡೆಯಲ್ಲಿ ಅವಳ ಬಲವೆಲ್ಲ ಕರಗಿತು. ಗೆದ್ದೆ. ಅವಳು ಕೈ ಕುಲುಕಿ, ಹಾಳೆಗೆ ಸಹಿ ಮಾಡಿ, ನೀರು ಕುಡಿಯಲು ಎದ್ದು ಹೋದಳು.

ಅವಳಿಗೆ ರೇಟಿಂಗ್ ಸಿಗಲಿಲ್ಲ. ಅದಕ್ಕೆ ಬೇಕಾದಷ್ಟು ಅಂಕ ಬಂದಿರಲಿಲ್ಲ. ನಾನು ಡ್ರಾ ಕೊಟ್ಟಿದ್ದರೂ ಸಿಗುತ್ತಿರಲಿಲ್ಲ ಎಂದು ಲೆಕ್ಕ ಹಾಕಿ ನೋಡಿದ್ದೇನೆ, ಒಂದಲ್ಲ ಹತ್ತು ಸಲ.

ಬಹಳ ದಣಿದಿದ್ದಾಳೆಂದು ಖಾನಾಪುರದವರೆಗೆ ಬಿಡಲು ಹೋದೆ. ರೈಲಿನಲ್ಲಿ ಕಿಟಕಿಯ ಬದಿಗೆ ತಲೆ ಆನಿಸಿ ಕೂತಿದ್ದಳು. ನಾನು ಕೊನೆಗೂ ಯಂತ್ರದ ಆ ಗುಟ್ಟನ್ನು ಬಿಡಿಸಿ ಹೇಳಿದೆ.

"ನಿನಗ ಯಾವಾಗ ಗೊತ್ತಾತು?" ಎಂದಳು.

"ನಿನ್ನಿ. ಮೂರನೇ ಆಟದಾಗ."

ಅವಳು ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. "ಹಂಗಾ," ಎಂದಷ್ಟೇ ಹೇಳಿ ಮತ್ತೆ ಹೊರಗೆ ನೋಡತೊಡಗಿದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಅವಳನ್ನು ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ಸೇರಿಸಿದೆವು. ರಕ್ತದ ಕಾಯಿಲೆ. ಎಷ್ಟು ದಿನದಿಂದ ದಣಿವು ಎಂದು ಡಾಕ್ಟರು ಕೇಳಿದರು. ಒಂದು ವರ್ಷವಾಗಿರಬಹುದು ಎಂದು ಮಾವ ಹೇಳಿದರು. ನಾನು ಮನಸ್ಸಿನಲ್ಲೇ ತಿಂಗಳುಗಳನ್ನು ಹಿಂದಕ್ಕೆ ಎಣಿಸಿದೆ. ಸ್ಪರ್ಧೆ ನಡೆದದ್ದು ಆ ವರ್ಷದೊಳಗೇ.

ಸಮಾಧಾನವಾದೀತೆಂದು ಅವಳಿಗೆ ಹೇಳಿದೆ: "ಅಕ್ಕಾ, ಅವತ್ತ ನಿನ್ನ ಮೈಯಾಗ ರಕ್ತನ ಇರಲಿಲ್ಲ. ಅಲ್ಲಿ ಬಂದದ್ದೂ ಖರೇ ಅಂಕಿ ಅಲ್ಲ."

"ಫೋನಿಂದು ಖರೇ ಅಲ್ಲ, ಅಲ್ಲಿದೂ ಖರೇ ಅಲ್ಲ. ಹಂಗಾರ ಯಾವುದಪಾ ಖರೇ?" ಎಂದಳು. ಕೇಳಿ ಸುಸ್ತಾಗಿ ಕಣ್ಣು ಮುಚ್ಚಿದಳು. ನಾನು ಹಾಸಿಗೆಯ ಚಾದರ ಸರಿಮಾಡಿದೆ.

ಸ್ವಲ್ಪ ಸುಧಾರಿಸಿದ ಒಂದು ಮಧ್ಯಾಹ್ನ ಆಡೋಣ ಎಂದಳು. ಕಾಯಿಗಳು ಅಂಟಿಕೊಳ್ಳುವ ಸಣ್ಣ ಮ್ಯಾಗ್ನೆಟ್ ಹಲಗೆ ತಂದಿದ್ದೆ. ಈ ಸಲ ಸೋಲಬೇಕೆಂದು ಬರುವಾಗಲೇ ನಿಶ್ಚಯಿಸಿದ್ದೆ. ಸೂಜಿ ಚುಚ್ಚಿದ ಕೈಯನ್ನು ಹೊಟ್ಟೆಯ ಮೇಲಿಟ್ಟು ಇನ್ನೊಂದು ಕೈಯಿಂದ ನಿಧಾನಕ್ಕೆ ಆಡಿದಳು. ಹದಿನಾಲ್ಕು, ಹದಿನೈದನೆಯ ನಡೆ ಇರಬೇಕು. ಗಮನವಿಲ್ಲದವನ ಹಾಗೆ ಕುದುರೆಯನ್ನು ಅವಳ ಒಂಟೆಯ ದಾರಿಯಲ್ಲಿಟ್ಟೆ.

ಅವಳು ಅದನ್ನು ಹೊಡೆಯಲಿಲ್ಲ. ಕುದುರೆಯನ್ನು ಎತ್ತಿ ಅದರ ಹಳೆಯ ಮನೆಗೆ ತಿರುಗಿ ಇಟ್ಟಳು.

"ನೀನೂ ಮಷೀನ್ ಆಗಬ್ಯಾಡೋ ತಮ್ಮಾ. ಬರೋಬರಿ ಆಡು."

ಬಿಟ್ಟುಕೊಡದೆ ಬರೋಬರಿ ಆಡಿದೆ. ಕಣ್ಣಲ್ಲಿ ನೀರು ತುಂಬಿ ಕಾಯಿಗಳು ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಕಾಯಲಿಲ್ಲ ಆ ದಿನ, ಆದದ್ದಾಗಲಿ ಎಂದು ಮುನ್ನುಗ್ಗಿ ಬಂದಳು. ಆಟ ಮುಗಿಯುವ ಮೊದಲೇ ನರ್ಸ್ ಬಂದು ಪರೀಕ್ಷೆಗೆ ಕರೆದೊಯ್ದರು. ಮರುದಿನ ಜ್ವರ ಏರಿತು. ಎಂಟು ದಿನಕ್ಕೆ ಅಕ್ಕ ಹೋದಳು.

ತಿಂಗಳ ಮೇಲೆ, ಅವಳ ಮೇಜಿನಲ್ಲಿ ಉಳಿದ ಸಾಮಾನು ತರಲು ಖಾನಾಪುರದ ಕಚೇರಿಗೆ ಹೋಗಿದ್ದೆ. ಮಾವನಿಗೆ ಹೋಗಲು ಮನಸ್ಸಾಗಿರಲಿಲ್ಲ. ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹೆಣ್ಣುಮಗಳು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಟ್ಟಿದ್ದರು. ಚಹಾ ತರಿಸಿದರು.

"ಕುಂದರ್ರಿ ಸರ್. ಚೆಸ್ ಆಡೂ ತಮ್ಮ ನೀವೇ ಅಲ್ರೀ? ಅಕ್ಕಾರು ಊಟಕ್ಕ ಕುಂತಾಗೆಲ್ಲಾ ನಿಮ್ಮ ಸುದ್ದಿನ ಹೇಳ್ತಿದ್ರು."

"ಏನು ಹೇಳ್ತಿದ್ರು?"

"ಬೆಳಗಾಂವದಾಗ ದೊಡ್ಡ ಮ್ಯಾಚ್ ಆಡಿದ್ರಂತಲ್ರೀ ನೀವಿಬ್ರೂ. ಗಡಿಯಾರ ಇಟ್ಟು, ಎಲ್ಲಾ ಮಂದಿ ನಡುವ, ಅಕ್ಕ ತಮ್ಮ ಎದರಾಬದರಾ. ಅದನ್ನ ಅವರು ಎಷ್ಟ ಸಲ ಹೇಳ್ಯಾರಂದ್ರ ನನಗ ಬಾಯಿಪಾಠ ಆಗೇತ್ರಿ. ಆದ್ರ ಯಾರ ಗೆದ್ರಿ ಅಂತ ಕೇಳಿದ್ರ ನಗತಿದ್ರು, ಹೇಳ್ತಿರಲಿಲ್ಲ. ಯಾರ ಗೆದ್ರೀ ಸರ್?"

ಲೋಟ ಕೆಳಗಿಟ್ಟೆ. ನನ್ನಿಂದಲೂ ಹೇಳಲಾಗಲಿಲ್ಲ.